ಅಂದಿನ ಅಕ್ಕಿ ಅಂದಿಗೆ: ಶರಣೆ ಆಯ್ದಕ್ಕಿ ಲಕ್ಕಮ್ಮನವರು

ಕಳೆದ ತಿಂಗಳು ಮಾರತ್ತಹಳ್ಳಿಯ ಭಕ್ತರೊಬ್ಬರ ಮನೆಗೆ ಶ್ರೀಮಠದ ಪರವಾಗಿ ಹೋಗಿದ್ದೆವು. ಉದ್ಯೋಗಕ್ಕಾಗಿ ಲಿಂಗಸುಗೂರು ತಾಲ್ಲೂಕಿನಿಂದ ಈ ವರ್ಷವಷ್ಟೇ ಬಂದು ನೆಲೆಸಿದ ದಂಪತಿಗಳು. ಹೊರವರ್ತುಲ ರಸ್ತೆಯ ಸದ್ದು ಅಡುಗೆಮನೆಯವರೆಗೂ ಕೇಳುವ ಸಣ್ಣ ಬಾಡಿಗೆ ಮನೆ. ಪ್ರಸಾದಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಇಷ್ಟೇ ಮಾಡಲಾಯಿತೆಂದು ಆ ತಾಯಿ ಸಂಕೋಚಪಟ್ಟರು. ಅವರದೇ ತಾಲ್ಲೂಕಿನ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಹೀಗೆಯೇ ಊರು ಬಿಟ್ಟು ಹೊರಟ ಮತ್ತೊಂದು ದಂಪತಿಗಳ ನೆನಪು ನಮಗೆ ಅಲ್ಲಿಯೇ ಬಂದಿತು. ಅವರೇ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು.

ಲಕ್ಕಮ್ಮನವರ ಬಾಲ್ಯ, ತಂದೆತಾಯಿಗಳ ವಿಚಾರವಾಗಿ ಹೇಳಬಹುದಾದದ್ದು ಅತ್ಯಲ್ಪ. ರಾಯಚೂರು ಜಿಲ್ಲೆಯ ಅಮರೇಶ್ವರ ಅವರ ಊರು. ಅಲ್ಲಿನ ಅಮರೇಶ್ವರಲಿಂಗ ಅವರ ಆರಾಧ್ಯದೈವ. ಬಸವಣ್ಣನವರ ಕೀರ್ತಿಯನ್ನು ಕೇಳಿ ಪತಿಯೊಡನೆ ಕಲ್ಯಾಣಕ್ಕೆ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ಬಂದರು. ಆಗ ಅದು ಕಳಚುರಿ ಬಿಜ್ಜಳನ ರಾಜಧಾನಿ. ಬಸವಣ್ಣನವರು ಅವನ ಭಂಡಾರಿಗಳು. ಹೊಸ ಊರಿಗೆ ಬಂದ ಈ ದಂಪತಿಗಳು ಅರಮನೆಯ ಆಶ್ರಯವನ್ನಾಗಲಿ ಮಹಾಮನೆಯ ದಾನವನ್ನಾಗಲಿ ಬಯಸಲಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಮಾರಯ್ಯನವರು ಕಾಯಕವಾಗಿ ಕೈಗೊಂಡರು.

ಆಯ್ದ ಅಕ್ಕಿಯೆಂದರೆ ಸುಲಭದ ಅಕ್ಕಿಯಲ್ಲ. ಮಣ್ಣು, ಕಲ್ಲು, ಹೊಟ್ಟು ಎಲ್ಲವೂ ಅದರೊಡನೆಯೇ ಬರುತ್ತವೆ. ಮೊರದಲ್ಲಿ ಕೇರಬೇಕು, ಕಲ್ಲು ಆರಿಸಬೇಕು, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಆಮೇಲಷ್ಟೇ ಒಲೆಯ ಮೇಲೆ ಎಸರು. ಈ ಕೆಲಸವನ್ನು ಮಾಡಿದವರಿಗೆ ಒಂದೊಂದು ಕಾಳಿನ ಬೆಲೆ ಗೊತ್ತು. ಹೀಗೆ ಬೇಯಿಸಿದ ಅನ್ನವನ್ನು ಲಕ್ಕಮ್ಮನವರು ಮೊದಲು ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ಕೃತಜ್ಞತೆಯೆಂಬುದು ಆ ಮನೆಯಲ್ಲಿ ಬಡಿಸುವ ಕ್ರಮದಲ್ಲಿಯೇ ಇದ್ದಿತು.

ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೆ ಮೀಸಲಾದ ಭಾಗವೇ ಇದೆ. ಒಂದು ದಿನ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತರು. ಹೊತ್ತು ಮೀರಿದುದನ್ನು ಕಂಡ ಲಕ್ಕಮ್ಮನವರು ಕಾಯಕ ನಿಂತುಹೋಯಿತೆಂದು ಎಚ್ಚರಿಸಿದರು. ಮಾರಯ್ಯನವರು ಅವಸರದಿಂದ ಹೋಗಿ ಅಕ್ಕಿ ತಂದರು. ಆದರೆ ಅದು ಎಂದಿಗಿಂತ ಹೆಚ್ಚಾಗಿತ್ತು. ಬಸವಣ್ಣನವರೇ ಅಂದು ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದು ಹೇಳುವವರೂ ಉಂಟು. ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇಷ್ಟೊಂದು ಅಕ್ಕಿಯ ಮೇಲಿನ ಆಸೆ ನಮಗೆ ಸಲ್ಲದೆಂದೂ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದೂ ಪತಿಗೆ ತಿಳಿಸಿದರು. ಮಾರಯ್ಯನವರು ಮರುಮಾತಾಡದೆ ಮರಳಿಸಿ ಬಂದರು.

ಕೆಲವು ಉಪನ್ಯಾಸಕರು ಈ ಪ್ರಸಂಗವನ್ನು ಹೆಂಡತಿ ಗಂಡನನ್ನು ಗದರಿಸಿದ ಕಥೆಯೆಂಬಂತೆ ಹೇಳಿ ಸಭೆಯನ್ನು ನಗಿಸುವುದುಂಟು. ನಮಗೆ ಅದು ಸರಿಕಾಣದು. ಹೊಸ ಊರು, ಕೈಯಲ್ಲಿ ಹೊಲವಿಲ್ಲ, ನಾಳೆಯ ಭರವಸೆಯಿಲ್ಲ. ನಾಲ್ಕು ದಿನಕ್ಕಾಗುವಷ್ಟು ಅಕ್ಕಿ ತಾನಾಗಿಯೇ ಮನೆಬಾಗಿಲಿಗೆ ಬಂದಾಗ ಬೇಡವೆನ್ನುವುದು ಯಾರಿಗೂ ಸುಲಭವಲ್ಲ. ಆ ಅಕ್ಕಿಯನ್ನು ಇಟ್ಟುಕೊಂಡಿದ್ದರೆ ಅವರು ಮಹಾಮನೆಯ ಹಂಗಿಗೆ ಒಳಗಾಗುತ್ತಿದ್ದರು. ಮರಳಿಸಿದ್ದರಿಂದ ಬಸವಣ್ಣನವರೊಡನೆ ಸರಿಸಮಾನರಾಗಿ ಕುಳಿತರು. ಅಂದಿನ ಊಟಕ್ಕೆ ಋಣಿಯಾಗಿರುವುದು ಬೇರೆ, ಒಡೆಯನೊಬ್ಬನ ಹಂಗಿನಲ್ಲಿರುವುದು ಬೇರೆ. ಲಕ್ಕಮ್ಮನವರು ಈ ಎರಡನ್ನೂ ಅಕ್ಕಿಯಿಂದ ಕಲ್ಲನ್ನು ಆರಿಸಿದಷ್ಟೇ ಖಚಿತವಾಗಿ ಬೇರ್ಪಡಿಸಿದರು.

ಮುಂದೆ ಅವರು ಅದೇ ಆಯ್ದ ಅಕ್ಕಿಯಿಂದ 1,96,000 ಜಂಗಮರಿಗೆ ಉಣಬಡಿಸಿದರೆಂಬುದು ಪರಂಪರೆಯ ಮಾತು. ಪವಾಡದ ಲೆಕ್ಕಕ್ಕೆ ನಾವು ಹೋಗುವುದಿಲ್ಲ. ಇಬ್ಬರ ಗಡಿಗೆಯಲ್ಲಿ ಮೂರನೆಯವರಿಗೂ ದಿನವೂ ಪಾಲಿದ್ದಿತೆಂಬುದೇ ನಮಗೆ ದೊಡ್ಡದಾಗಿ ತೋರುತ್ತದೆ.

ಆ ಮನೆಯ ತಾಯಿಗೆ ನಾವು ಈ ಕಥೆಯನ್ನೇ ಹೇಳಿದೆವು. ಚಿಕ್ಕಂದಿನಿಂದ ಅಮರೇಶ್ವರನ ಜಾತ್ರೆಗೆ ಹೋಗುತ್ತಿದ್ದರೂ ಲಕ್ಕಮ್ಮನವರು ತಮ್ಮ ಸೀಮೆಯವರೆಂಬುದು ಅವರಿಗೆ ತಿಳಿದಿರಲಿಲ್ಲ. ಇನ್ನೊಂದು ರೊಟ್ಟಿ ಬಡಿಸುತ್ತ, ಆ ತಾಯಿ ವಚನಗಳನ್ನೂ ಬರೆದಿದ್ದಾರೆಯೇ ಎಂದು ಕೇಳಿದರು. ಬರೆದಿದ್ದಾರೆ. ಮಾರಯ್ಯನವರ 32 ಮತ್ತು ಲಕ್ಕಮ್ಮನವರ 25 ವಚನಗಳು ನಮಗೆ ದೊರೆತಿವೆ. ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಬಿಟ್ಟುಬಂದ ಊರಿನ ದೈವವನ್ನು ಇಬ್ಬರೂ ಕಲ್ಯಾಣದಲ್ಲಿ ಬಿಡಲಿಲ್ಲ. ಅಕ್ಕಿ ಸುರಿದು ಬಾ ಎಂದು ಕಳುಹಿಸಿದ ಪತಿಯ ಹೆಸರನ್ನು ಲಕ್ಕಮ್ಮನವರು ಆ ದೈವದ ಹೆಸರಿಗಿಂತ ಮೊದಲೇ ಇರಿಸಿಕೊಂಡಿದ್ದಾರೆ.