‘ಸುಳ್ಳು’ ಎಂದು ಟೈಪ್ ಮಾಡಿದರೂ ಕಂಪ್ಯೂಟರ್ ‘ನಿಜ’ ಎನ್ನುತ್ತದೆಯೇ? ಜಾರ್ಜ್ ಬೂಲ್ ಕಥೆ ಓದಿ

ಆ್ಯಪ್ ಒಂದು ‘ಒಪ್ಪಿಗೆ ಇದೆಯೇ?’ ಎಂದು ಕೇಳುತ್ತದೆ. ನಾವು ‘ಹೌದು’ ಒತ್ತುತ್ತೇವೆ. ಫೋನಿನೊಳಗೆ ಆ ಉತ್ತರ ನಿಜ ಅಥವಾ ಸುಳ್ಳು ಎಂಬ ಎರಡೇ ಬೆಲೆಗಳಲ್ಲಿ ಒಂದಾಗಿ ಉಳಿಯುತ್ತದೆ. ಪ್ರೋಗ್ರಾಮರ್‌ಗಳು ಇದನ್ನು ಬೂಲಿಯನ್ ಎನ್ನುತ್ತಾರೆ. ಈ ಹೆಸರು ಬಂದದ್ದು ಜಾರ್ಜ್ ಬೂಲ್ ಅವರಿಂದ. ಕಂಪ್ಯೂಟರ್ ಕಂಡುಹಿಡಿದವರು ಇವರೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೂಲ್ 1864ರಲ್ಲೇ ತೀರಿಕೊಂಡರು. ಹಾಗಾದರೆ ಅವರು ಮಾಡಿದ್ದೇನು?

ಬೂಲ್ ಹುಟ್ಟಿದ್ದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ. ತಂದೆ ಬೂಟು ಹೊಲಿಯುತ್ತಿದ್ದರು. ಆದರೆ ಅವರಿಗೆ ಬೂಟಿಗಿಂತ ದೂರದರ್ಶಕಗಳ ಮೇಲೆ ಹೆಚ್ಚು ಪ್ರೀತಿ. ಮಗ ಗ್ರೀಕ್ ಭಾಷೆಯನ್ನು ತಾನಾಗಿಯೇ ಕಲಿತ. 14ನೇ ವಯಸ್ಸಿನಲ್ಲಿ ಅವನು ಅನುವಾದಿಸಿದ ಗ್ರೀಕ್ ಕವಿತೆಯೊಂದು ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಇಷ್ಟು ಚಿಕ್ಕ ಹುಡುಗ ಇದನ್ನು ಬರೆದಿರಲಾರ ಎಂದು ಶಾಲಾ ಮೇಷ್ಟರೊಬ್ಬರು ಸಂಶಯಪಟ್ಟರು.

ತಂದೆಯ ವ್ಯಾಪಾರ ನೆಲಕಚ್ಚಿದಾಗ ಮನೆಯ ಭಾರ ಹುಡುಗನ ಹೆಗಲಿಗೆ ಬಂತು. ಬೂಲ್ 16ರಲ್ಲೇ ಮೇಷ್ಟರಾದರು, 19ಕ್ಕೆ ಸ್ವಂತ ಶಾಲೆ ತೆರೆದರು. ಪಾಠ ಹೇಳುತ್ತಲೇ ಗಣಿತದ ದೊಡ್ಡ ಗ್ರಂಥಗಳನ್ನು ಓದಿಕೊಂಡರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಇವರು 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಗಣಿತ ಪ್ರಾಧ್ಯಾಪಕರಾದರು. 1855ರಲ್ಲಿ ಮೇರಿ ಎವರೆಸ್ಟ್ ಅವರನ್ನು ಮದುವೆಯಾದರು. ಎವರೆಸ್ಟ್ ಶಿಖರಕ್ಕೆ ಯಾರ ಹೆಸರಿದೆಯೋ ಆ ಜಾರ್ಜ್ ಎವರೆಸ್ಟ್ ಮೇರಿಯ ದೊಡ್ಡಪ್ಪ.

ತರ್ಕವನ್ನೂ ಲೆಕ್ಕದಂತೆ ಬಿಡಿಸಬಹುದು ಎಂಬುದು ಬೂಲ್ ಕೊಟ್ಟ ಹೊಸ ವಿಚಾರ. ಬುಟ್ಟಿಯಿಂದ ಕೆಂಪು ಹೂಗಳನ್ನು ಆರಿಸಿ. ಆರಿಸಿದ್ದರಲ್ಲಿ ಮತ್ತೆ ಕೆಂಪು ಹೂಗಳನ್ನು ಆರಿಸಿದರೆ ಅವೇ ಸಿಗುತ್ತವೆ. ಅಂದರೆ ಒಂದನ್ನು ಅದರಿಂದಲೇ ಗುಣಿಸಿದರೂ ಅದು ಬದಲಾಗಬಾರದು. ಸಂಖ್ಯೆಗಳಲ್ಲಿ ಹಾಗಿರುವುದು 0 ಮತ್ತು 1 ಮಾತ್ರ. 1854ರ ಪುಸ್ತಕದಲ್ಲಿ ಅವರು ಇದನ್ನು ವಿಸ್ತರಿಸಿ ಬರೆದರು. ಅದು ಯಂತ್ರಕ್ಕೆ ಇಳಿದದ್ದು ಬಹಳ ತಡವಾಗಿ. ಸ್ವಿಚ್ ಆನ್ ಅಥವಾ ಆಫ್ ಆಗುವುದಕ್ಕೂ ಇದೇ ಗಣಿತ ಹೊಂದುತ್ತದೆ ಎಂದು 1937ರಲ್ಲಿ ಅಮೆರಿಕದ ವಿದ್ಯಾರ್ಥಿ ಕ್ಲಾಡ್ ಶಾನನ್ ತೋರಿಸಿದರು.

ಬೂಲ್ ಇದನ್ನು ನೋಡಲಿಲ್ಲ. 1864ರ ನವೆಂಬರಿನಲ್ಲಿ ಮಳೆಯಲ್ಲಿ ನೆನೆದುಕೊಂಡೇ ಕಾಲೇಜಿಗೆ ನಡೆದು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ಜ್ವರ ಬಂತು, ಶ್ವಾಸಕೋಶಕ್ಕೆ ತಗುಲಿತು. ಕಾಯಿಲೆಗೆ ಕಾರಣವಾದದ್ದೇ ಔಷಧ ಎಂದು ನಂಬಿದ್ದ ಮೇರಿ, ಅವರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆಂದು ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಡಿಸೆಂಬರ್ 8ರಂದು ಬೂಲ್ ತೀರಿಕೊಂಡರು. ಆಗ ಅವರಿಗೆ 49 ವರ್ಷ. ಐವರು ಹೆಣ್ಣುಮಕ್ಕಳು ತಂದೆಯನ್ನು ಕಳೆದುಕೊಂಡರು.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಉತ್ತರ: ಹೌದು, ಪ್ರೋಗ್ರಾಮರ್ ಎಚ್ಚರ ತಪ್ಪಿದರೆ ಹಾಗೆಯೇ ಆಗುತ್ತದೆ. ಪೈಥಾನ್, ಜಾವಾಸ್ಕ್ರಿಪ್ಟ್ ಭಾಷೆಗಳಲ್ಲಿ ಪಠ್ಯವನ್ನು ನೇರವಾಗಿ ಬೂಲಿಯನ್‌ಗೆ ಬದಲಿಸಿದರೆ, ಖಾಲಿ ಪಠ್ಯ ಮಾತ್ರ ‘ಸುಳ್ಳು’. ಒಂದಕ್ಷರವಿದ್ದರೂ ಅದು ‘ನಿಜ’. ‘ಫಾಲ್ಸ್’ ಎಂದು ಟೈಪ್ ಮಾಡಿದರೂ ‘ನಿಜ’ವೇ! ಯಂತ್ರ ಅರ್ಥ ನೋಡುವುದಿಲ್ಲ, ಏನಾದರೂ ಬರೆದಿದೆಯೇ ಎಂದಷ್ಟೇ ನೋಡುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೊದಲು ಅಕ್ಕಪಕ್ಕದ ಖಾಲಿ ಜಾಗ ತೆಗೆಯಬೇಕು. ಇಂಗ್ಲಿಷಾದರೆ ದೊಡ್ಡ ಅಕ್ಷರ, ಸಣ್ಣ ಅಕ್ಷರದ ಭೇದ ಅಳಿಸಬೇಕು. ‘ಹೌದು’, ‘ಯೆಸ್’, ‘1’ ಬಂದರೆ ನಿಜ. ‘ಇಲ್ಲ’, ‘ನೋ’, ‘0’ ಬಂದರೆ ಸುಳ್ಳು. ಬೇರೇನೇ ಬಂದರೂ ಊಹಿಸದೆ ಮತ್ತೆ ಕೇಳಬೇಕು.

ಫಾರ್ವರ್ಡ್ ಮೆಸೇಜಿಗೂ ಇದೇ ನಿಯಮ. ಬರೆದಿದೆ ಎಂದ ಮಾತ್ರಕ್ಕೆ ನಿಜವಾಗುವುದಿಲ್ಲ. ಅದರಲ್ಲೂ ಮನೆಮದ್ದಿನ ಮೆಸೇಜ್ ಬಂದರೆ ಮೊದಲು ವೈದ್ಯರನ್ನು ಕೇಳಿ. ಖಚಿತವಾಗದಿದ್ದರೆ ಮುಂದಕ್ಕೆ ಕಳಿಸಬೇಡಿ.