ಬಾಳೂ ಪಾಲವಣಕರ ಮತ್ತು ನಮ್ಮ ಮನೆಯ ಟ್ರಂಕು

ನವಲಗುಂದ ತಾಲೂಕಿನ ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಅದರಲ್ಲಿ ಅಜ್ಜ ಹೆಬ್ಬೆಟ್ಟು ಒತ್ತಿದ ಒಂದು ಸಾಲದ ಪತ್ರ ಮಾತ್ರ ಉಳಿದಿದೆ. ಮಿಕ್ಕ ಕಾಗದಗಳು ರದ್ದಿಗೆ ಹೋದವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೂ ಹಳೆಯ ಕಾಗದದ ಬೆಲೆ ನನಗೆ ತಿಳಿದಿರಲಿಲ್ಲ. ಅದನ್ನು ತಿಳಿಸಿದ್ದು ನಮ್ಮ ಧಾರವಾಡದಲ್ಲಿಯೇ ಹುಟ್ಟಿದ ಕ್ರಿಕೆಟ್ ಆಟಗಾರ ಬಾಳೂ ಪಾಲವಣಕರರ ಜೀವನ ಚರಿತ್ರೆ.

ಬಾಳೂ ಚಮ್ಮಾರ ಕುಲದವರು. ತಂದೆ ಸೈನ್ಯದ ಚಾಕರಿಯಲ್ಲಿದ್ದರು. ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಬಾಳೂ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಪಿಚ್ಚು ಗುಡಿಸುತ್ತಿದ್ದರು. ಮುಂದೆ ಇಂಗ್ಲಿಷರ ಜಿಮಖಾನಾ ಸೇರಿ, ಅಲ್ಲಿಯ ಆಟಗಾರರಿಗೆ ಚೆಂಡು ಎಸೆಯುತ್ತ ಎಡಗೈ ಬೌಲಿಂಗಿನಲ್ಲಿ ನಿಪುಣರಾದರು. ಪುಣೆಯ ಹಿಂದೂಗಳ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹದ ವೇಳೆಗೆ ಮಾತ್ರ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ಟುಗಳನ್ನು ಪಡೆದರು. ಆದರೂ ಹಿಂದೂ ತಂಡದ ನಾಯಕ ಪಟ್ಟ ಅವರಿಗೆ ದೊರೆಯಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲರಿಗೆ ದೊರೆಯಿತು.

ಆಟ ಬಿಟ್ಟ ಮೇಲೆ ಬಾಳೂ ಅಸ್ಪೃಶ್ಯತೆಯ ನಿವಾರಣೆಗಾಗಿ ದುಡಿದರು. 1932ರ ಪುಣೆ ಒಪ್ಪಂದದ ಮಾತುಕತೆಗಳಲ್ಲಿ ಪಾಲುಗೊಂಡು, ಜಂಟಿ ಮತಕ್ಷೇತ್ರದ ಪಕ್ಷ ವಹಿಸಿದರು. ಒಂದು ಕಾಲಕ್ಕೆ ತಮ್ಮನ್ನು ಮೆಚ್ಚಿದ್ದ ಡಾ. ಅಂಬೇಡಕರರ ಎದುರಿಗೇ 1937ರಲ್ಲಿ ಮುಂಬಯಿಯಲ್ಲಿ ಚುನಾವಣೆಗೆ ನಿಂತು ಸೋತರು. 1955ರಲ್ಲಿ ತೀರಿಕೊಂಡರು.

ಎಡೆಬಿಡದೆ ಆಡಿದ ಈ ಮನೆತನದ ಕಥೆ ಇಂದು ನಮಗೆ ದೊರೆಯುವಲ್ಲಿ ವಿಠ್ಠಲರು ಮರಾಠಿಯಲ್ಲಿ ಬರೆದು 1948ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯ ಪಾಲು ದೊಡ್ಡದು. ಇತಿಹಾಸಕಾರ ರಾಮಚಂದ್ರ ಗುಹಾ ಅವರು ಆ ಹಳೆಯ ಪುಸ್ತಕವನ್ನೂ ಅಂದಿನ ವೃತ್ತಪತ್ರಿಕೆಗಳನ್ನೂ ಶೋಧಿಸಿ 2002ರಲ್ಲಿ ತಮ್ಮ ಗ್ರಂಥದಲ್ಲಿ ಬಾಳೂ ಅವರಿಗೆ ಸಲ್ಲಬೇಕಾದ ಸ್ಥಾನ ಕೊಟ್ಟರು. 114 ವಿಕೆಟ್ಟುಗಳ ಲೆಕ್ಕ ಸ್ಕೋರು ಪುಸ್ತಕದಲ್ಲಿ ಹೇಗೂ ಉಳಿಯುತ್ತದೆ. ಮಣ್ಣಿನ ಕುಡಿಕೆಯ ಸಂಗತಿ ಯಾರಾದರೂ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಬಡವರ ಮನೆಯಲ್ಲಿ ಬರೆಯುವವರೂ ಕಡಿಮೆ, ಬರೆದದ್ದನ್ನು ಕಾಯುವವರೂ ಕಡಿಮೆ.

ಕಳೆದ ದೀಪಾವಳಿಯ ಸೂಟಿಯಲ್ಲಿ ಅಜ್ಜನ ಪತ್ರವನ್ನು ಬೇವಿನೆಲೆಯೊಡನೆ ಅರಿವೆಯಲ್ಲಿ ಕಟ್ಟಿ ಇಟ್ಟೆ. ಆ ಸಾಲ ಏಕೆ ಮಾಡಿದ್ದೆಂಬುದನ್ನು ಅಪ್ಪನಿಂದ ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಗೆಳೆಯರೇ, ಊರಿಗೆ ಹೋದಾಗ ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ತೆರೆದು ನೋಡಿರಿ.