ಊರು ಕಟ್ಟಿದ ಯಜಮಾನರು ಕೊನೆಗೆ ಹೋದದ್ದೆಲ್ಲಿ?

ಯಲಹಂಕದಲ್ಲಿ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುವ ಮಹನೀಯರೇ, ಸ್ವಲ್ಪ ಯೋಚನೆ ಮಾಡಿ. ಹೊರಟ ಊರು ಕೆಂಪೇಗೌಡರದು. ಇಳಿಯುವ ನಿಲ್ದಾಣಕ್ಕೂ ಅವರದೇ ಹೆಸರು. 2013ರಿಂದ ವಿಮಾನ ನಿಲ್ದಾಣಕ್ಕೂ ಅದೇ ಹೆಸರು. ಇಷ್ಟು ಹೆಸರು ಉಳಿದ ಯಜಮಾನರು ವಯಸ್ಸಾದ ಮೇಲೆ ಎಲ್ಲಿ ಕಣ್ಣು ಮುಚ್ಚಿದರು? ಈ ಪ್ರಶ್ನೆಗೆ ನಾಲ್ಕು ಶತಮಾನ ಉತ್ತರವೇ ಇರಲಿಲ್ಲ!

ಕೆಂಪನಂಜೇಗೌಡರ ಮಗನಾಗಿ ಕೆಂಪೇಗೌಡರು ಹುಟ್ಟಿದ್ದು 1510ರಲ್ಲಿ ಎನ್ನುವುದು ವಾಡಿಕೆ. ಮನೆತನದ ಹಿರಿಯರು ಆವತಿ ಕಡೆಯಿಂದ ಬಂದು ಯಲಹಂಕ ನಾಡಿಗೆ ಪ್ರಭುಗಳಾದವರು, ವಿಜಯನಗರದ ಸಾಮಂತರು. ಹುಡುಗ ಓದು, ಗರಡಿ ಎರಡನ್ನೂ ಕಲಿತದ್ದು ಹೆಸರಘಟ್ಟದ ಹತ್ತಿರದ ಐವರುಕಂಡಪುರದಲ್ಲಿ ಎಂದು ಹೇಳಿಕೆ.

1537ರಲ್ಲಿ ಮಣ್ಣಿನ ಕೋಟೆ ಎದ್ದಿತು, ಪೇಟೆ ಶುರುವಾಯಿತು. ಗೌಡರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ವ್ಯಾಪಾರಿ ಬರದೆ ಊರು ಬೆಳೆಯಲ್ಲ, ನೀರಿಲ್ಲದೆ ವ್ಯಾಪಾರಿ ನಿಲ್ಲಲ್ಲ. ಅದಕ್ಕೇ ಅಕ್ಕಿಗೊಂದು ಪೇಟೆ, ಬಳೆಗೊಂದು ಪೇಟೆ, ಹತ್ತಿಗೊಂದು ಪೇಟೆ. ಜತೆಗೆ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳು. ಇವತ್ತು ನಾವು ಬಸ್ಸಿಗೆ ಕಾಯುತ್ತಾ ನಿಲ್ಲುವ ಮೆಜೆಸ್ಟಿಕ್ ಆ ಧರ್ಮಾಂಬುಧಿಯ ಅಂಗಳವೇ!

ಏಳಿಗೆ ಕಂಡರೆ ಕಣ್ಣು ಬೀಳದೆ ಇರುತ್ತದೆಯೇ? ಭೈರವನ ಹೆಸರಿನ ನಾಣ್ಯವನ್ನು ಅಪ್ಪಣೆಯಿಲ್ಲದೆ ಹಾಕಿಸಿದರು ಎಂಬ ಆರೋಪ ಬಂತು. ವಿಜಯನಗರದವರು ಗೌಡರನ್ನು ಆನೆಗೊಂದಿಯ ಸೆರೆಮನೆಗೆ ತಳ್ಳಿದರು. ಸೀಮೆ ಚನ್ನಪಟ್ಟಣದ ಜಗದೇವರಾಯನ ಪಾಲಾಯಿತು. ಐದು ವರ್ಷದ ಮೇಲೆ ದಂಡ ಕಟ್ಟಿ ಹೊರಗೆ ಬಂದರು. ಕಳೆದುಕೊಂಡ ಸೀಮೆ ವಾಪಸು ಬಂತು.

1565ರಲ್ಲಿ ವಿಜಯನಗರವೇ ಬಿತ್ತು. ಬೆನ್ನಿಗಿದ್ದ ದೊಡ್ಡ ಮನೆ ಉರುಳಿದರೂ ಗೌಡರ ಊರು ನಿಂತಿತು. 1569ರಲ್ಲಿ, ಅರವತ್ತರ ಅಂಚಿನಲ್ಲಿ, ಗೌಡರು ತೀರಿಕೊಂಡರು ಎಂದು ಚರಿತ್ರೆ ಬರೆದವರು ವರ್ಷವನ್ನು ಹೇಳಿದರು. ಜಾಗ ಮಾತ್ರ ಹೇಳಲಿಲ್ಲ. ಊರಿಗೆಲ್ಲ ಗಡಿಕಲ್ಲು ನೆಟ್ಟವರಿಗೆ ಗುರುತಿನ ಕಲ್ಲೊಂದಿರಲಿಲ್ಲ.

2015ರಲ್ಲಿ ಸುದ್ದಿ ಬಂತು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಗುಡಿ. ಅದರ ಮೇಲೆ ಅಕ್ಷರ. ಕುಣಿಗಲ್ ಕಡೆಯ ಜಗಳ ಮುಗಿಸಿ ಬಂದ ಮಾಗಡಿಯ ಕೆಂಪಯ್ಯಗೌಡರು ಐಕ್ಯವಾದ ಸ್ಥಳ ಇದು ಎಂಬುದು ಅದರ ತಾತ್ಪರ್ಯ. ಪ್ರಶಾಂತ್ ಮಾರೂರು ಎಂಬ ಸಂಶೋಧಕರು ಇದನ್ನು ಬೆಳಕಿಗೆ ತಂದರು. ಊರು ಕಟ್ಟಿದವರ ಸಮಾಧಿ ಇದೇ ಎಂದರು.

ಹಾಗಾದರೆ ಪ್ರಕರಣ ಮುಗಿಯಿತೇ? ಅಷ್ಟು ಸುಲಭ ಅಲ್ಲ. ಆ ವಂಶದಲ್ಲಿ ಕೆಂಪೇಗೌಡ ಎಂಬ ಹೆಸರು ತಲೆತಲಾಂತರ ನಡೆದುಬಂದದ್ದು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರು ಹಿಡಿದ ಮೇಲಲ್ಲವೇ ಮನೆತನ ಮಾಗಡಿಯಲ್ಲಿ ನೆಲೆಯಾದದ್ದು? ಕಲ್ಲು ಹೇಳುವ ಮಾಗಡಿಯ ಗೌಡರು ಹಿರಿಯರೋ, ಮೊಮ್ಮಕ್ಕಳ ಕಾಲದವರೋ? ಈ ಕೊಂಡಿ ಬಿಚ್ಚುವ ತನಕ ಯಜಮಾನರು ಪೂರ್ತಿ ಸಿಕ್ಕರು ಎನ್ನುವ ಹಾಗಿಲ್ಲ.

ಆದರೆ ಒಂದು ಮಾತು ನಿಜ. ಆ ಗುಡಿಯ ಕಲ್ಲನ್ನು ಯಾರಾದರೂ ಪಾಯಕ್ಕೆ ಹಾಕಿದ್ದರೆ ಈ ಚರ್ಚೆಯೂ ಇರುತ್ತಿರಲಿಲ್ಲ. ನಮ್ಮ ಹೆಬ್ಬಾಳದಲ್ಲೇ 2018ರಲ್ಲಿ ನೆಲ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಕೆಂಪೇಗೌಡರಿಗಿಂತ ಏಳೆಂಟು ಶತಮಾನ ಹಳೆಯದು! ಸೈಟು ಅಗೆಯುವವರೇ, ಅಂಗಡಿ ಮುಂದೆ ಚಪ್ಪಡಿ ಹಾಸುವವರೇ, ಅಕ್ಷರ ಇರುವ ಕಲ್ಲು ಕಂಡರೆ ಒಡೆಯಬೇಡಿ. ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಿ. ಕಾಣೆಯಾದ ಹಿರಿಯರ ವಿಳಾಸ ಅದರ ಮೇಲೇ ಇರಬಹುದು.